ಹತ್ತನೆಯ ಸುತ್ತು

"ಕುಂಟಿ ಸೊಂಟದ ಮೇಲೆ ನನ್ನ ಮೊಮ್ಮಗಳನ್ನ ಕೂರಿಸೋಕೆ ನಾನು ಬಿಡಲ್ಲ! ನಾಳೆ ಆ ಮಗೂನೂ ಕುಂಟಿದ್ರೆ ಯಾರು ಜವಾಬ್ದಾರಿ?"

ಫಿಲಿಬೆರ್ತಾ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಕೂಗಿದಳು. ಬಾಣಂತನಕ್ಕೆ ಬಂದಿದ್ದ ಮಗಳು ನೆಯ್ಡಿ ತಲೆ ತಗ್ಗಿಸಿದಳು. ಬಾಗಿಲ ಬಳಿ ನಿಂತು ತೂಗುಹಾಸಿಗೆ ಹೆಣೆಯುತ್ತಿದ್ದ ಸೊಸೆ ಎಲ್ಸಿಯ ಲಾಳಿ ಮಾತ್ರ ನೂಲಿನ ನಡುವೆ ಹಾಗೇ ನಿಂತುಬಿಟ್ಟಿತು.

"ಅಮ್ಮಾ, ನಾನು ಬಸುರಿಯಾಗಿದ್ದಾಗ್ಲೇ ಅತ್ತಿಗೆಗೆ ಮಾತು ಕೊಟ್ಟಿದ್ದೀನಿ. ಅವರೇ ಮದ್ರೀನಾ."

"ಮಾತು ಕೊಡೋಕೆ ಮುಂಚೆ ಸೊಂಟ ನೋಡ್ಬೇಕಿತ್ತು!"

ಯುಕಾತಾನಿನ ನಮ್ಮ ಊರಿನಲ್ಲಿ ಹೆಣ್ಣುಮಗುವಿಗೆ ಮೂರು ತಿಂಗಳು ತುಂಬಿದ ದಿನ ಹೆಟ್ಸ್‌ಮೆಕ್ ಶಾಸ್ತ್ರ ಆಗಲೇಬೇಕು. ಹೆಣ್ಣು ನೋಡಿಕೊಳ್ಳುವ ಒಲೆಗೆ ಮೂರು ಕಲ್ಲು, ಅದಕ್ಕೇ ಮೂರು ತಿಂಗಳು. ಅಲ್ಲಿಯವರೆಗೆ ತೋಳಲ್ಲಿ ಮಲಗಿಸಿಕೊಂಡೇ ಎತ್ತಿದ ಮಗುವನ್ನು ಅಂದು ಮದ್ರೀನಾ, ಅಂದರೆ ಧರ್ಮತಾಯಿ, ಮೊದಲ ಸಲ ಸೊಂಟದ ಮೇಲೆ ಕಾಲಗಲಿಸಿ ಕೂರಿಸಿಕೊಂಡು ಮೇಜಿನ ಸುತ್ತ ಒಂಬತ್ತು ಸುತ್ತು ಬರುತ್ತಾಳೆ. ಸುತ್ತಿಗೊಂದು ಕುಂಬಳದ ಬೀಜ ಬಾಯಿಗೆ ಹಾಕಿಕೊಂಡು ಲೆಕ್ಕ ಇಡುತ್ತಾಳೆ. ಅವಳ ಗುಣ ಮಗುವಿಗೆ ಬರುತ್ತದೆ ಎಂದು ನಮ್ಮವರ ನಂಬಿಕೆ. ಗುಣ ಬರುವುದಾದರೆ ಕುಂಟೂ ಬರಬೇಕಲ್ಲ ಎನ್ನುವುದು ಫಿಲಿಬೆರ್ತಾಳ ತರ್ಕ. ಆ ಹೆಂಗಸಿನ ಜೊತೆ ವಾದ ಮಾಡಿ ಗೆದ್ದವರನ್ನು ನಾನಂತೂ ಕಂಡಿಲ್ಲ.

ಎಲ್ಸಿಯ ನೋವಿಗೆ ಹದಿನಾಲ್ಕು ವರ್ಷ. ಹೆರಿಗೆಯಲ್ಲಿ ಬೆನ್ನಿನ ಬುಡದ ಎಡಗಡೆಯ ಕೀಲು ಸಡಿಲವಾಗಿದ್ದು ಮತ್ತೆ ಬಿಗಿಯಾಗಲೇ ಇಲ್ಲ. ಹುಟ್ಟಿದ ಹೆಣ್ಣುಮಗು ಲುಸೆಲಿ ನಲವತ್ತೇ ದಿನ ಬದುಕಿತ್ತು... ಸೊಂಟದ ಮೇಲೆ ಕೂರುವ ಮೊದಲೇ ಹೊರಟುಹೋಯಿತು! ಬೆಲ್ಟು, ವ್ಯಾಯಾಮ, ಸೂಜಿ ಎಲ್ಲ ಮುಗಿದ ಮೇಲೆ ಮೆರಿದಾ ಆಸ್ಪತ್ರೆಯ ಡಾಕ್ಟರಮ್ಮ ಕೊನೆಯ ದಾರಿ ಹೇಳಿದ್ದರು.

"ಮೂರು ಲೋಹದ ಮೊಳೆ ಹಾಕಿ ಆ ಕೀಲನ್ನ ಬೆಸೆದುಬಿಡ್ತೀವಿ. ಆಮೇಲೆ ಅದು ಅಲ್ಲಾಡಲ್ಲ. ನೋವು ತುಂಬಾ ಕಮ್ಮಿ ಆಗ್ಬಹುದು, ಪೂರ್ತಿ ಹೋಗುತ್ತೆ ಅಂತ ಮಾತ್ರ ಮಾತು ಕೊಡಲಾರೆ. ಮೂರು ತಿಂಗಳು ಭಾರ ಎತ್ತಬಾರದು. ತೂಗುಹಾಸಿಗೇಲಿ ಮಲಗಲೂಬಾರದು."

ಎರಡು ವರ್ಷ ಕಾದ ಮೇಲೆ ಈಗ ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಆದರೆ ಹೆಟ್ಸ್‌ಮೆಕ್‌ಗೆ ಸರಿಯಾಗಿ ಹನ್ನೆರಡು ದಿನ ಮೊದಲು! ಸೋಮವಾರದೊಳಗೆ ಒಪ್ಪಿಗೆ ಕೊಡದಿದ್ದರೆ ಮತ್ತೆ ಸರದಿಯ ಬಾಲಕ್ಕೆ ಹೋಗಬೇಕು.

ಭಾನುವಾರ ಮಧ್ಯಾಹ್ನ ಗಂಡ ಗಾಸ್ಪರ್ ಹಿತ್ತಲಲ್ಲಿ ಅವಳ ಎದುರು ಕುಕ್ಕರಗಾಲಲ್ಲಿ ಕೂತ.

"ಏನ್ ತೀರ್ಮಾನ ಮಾಡ್ದೆ? ಮಗು ಎತ್ತೋ ಆಸೆಗೆ ಜೀವಮಾನವೆಲ್ಲಾ ನರಳ್ತೀಯಾ?"

"ಅದೊಂದೇ ಅಲ್ಲ ರೀ..." ಎಲ್ಸಿ ಸೊಂಟದ ಎಡಗಡೆಯನ್ನು ಒತ್ತಿ ಹಿಡಿದಳು. "ಈ ಕೀಲು ಬಿಟ್ಟಿದ್ದು ಅವಳಿಗೆ ದಾರಿ ಮಾಡಿಕೊಡೋಕೆ. ಒಂದು ಫೋಟೋನೂ ಇಲ್ಲ ನನ್ನ ಹತ್ರ. ಬೆಳಿಗ್ಗೆ ಎದ್ದಾಗ ಚಳಕ್ ಅಂದ್ರೆ ಸಾಕು, ಲುಸೆಲಿ ಬಂದಿದ್ಲು, ನನ್ನ ಮೈಯೊಳಗಿಂದ ಬಂದಿದ್ಲು ಅನ್ಸುತ್ತೆ. ಮೊಳೆ ಹೊಡೆದು ಇದನ್ನೂ ಮುಚ್ಚಿಬಿಟ್ರೆ... ಅವಳದು ಅಂತ ನನ್ನ ಹತ್ರ ಇನ್ನೇನ್ರೀ ಉಳಿಯುತ್ತೆ?"

ಬಟ್ಟೆ ಒಗೆಯುವ ತೊಟ್ಟಿಯ ಆಚೆ ಏನೋ ಬಿದ್ದ ಸದ್ದಾಯಿತು. ಫಿಲಿಬೆರ್ತಾ ಒದ್ದೆ ಕೈಯಲ್ಲೇ ಬಂದು ನಿಂತಿದ್ದಳು.

"ಹದಿನಾಲ್ಕು ವರ್ಷ ನಿನ್ನ ನೋವು ಕೆಲಸ ತಪ್ಪಿಸೋ ನೆಪ ಅಂದ್ಕೊಂಡಿದ್ದೆ ಕಣೇ," ಎಂದಳು. "ನೀನು ಮೈಮೇಲೆ ಪ್ರಜ್ಞೆ ಇಲ್ದೆ ಬಿದ್ದಿದ್ದಾಗ ಅವಳನ್ನ ಸ್ಮಶಾನಕ್ಕೆ ಎತ್ಕೊಂಡು ಹೋಗಿದ್ದು ಈ ತೋಳೇ. ನೋವಿಲ್ದೇ ಹೋದ್ರೆ ಅವಳನ್ನ ಮರೀತೀಯಾ? ನಂಗೆ ಎಲ್ಲೂ ನೋವಿಲ್ಲ... ನಾನು ಮರೆತಿದ್ದೀನಾ?"

ಎಲ್ಸಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಇಷ್ಟು ವರ್ಷದಲ್ಲಿ ಆ ಮನೆಯಲ್ಲಿ ಮಗುವಿನ ಮಾತೆತ್ತಿದ್ದು ಅದೇ ಮೊದಲು. ಸೋಮವಾರ ಅವಳು ಕಾಗದಕ್ಕೆ ಸಹಿ ಹಾಕಿದಳು.

ಹೆಟ್ಸ್‌ಮೆಕ್ ದಿನ ಬಂತು. ಯಾವತ್ತೂ ಮಂಚ ಕಾಣದ ಆ ಮನೆಯ ನಡುವೆ ಎರವಲು ಮಂಚ, ಅದರ ಮೇಲೆ ಆಪರೇಷನ್ ಮುಗಿಸಿಕೊಂಡು ಬಂದ ಎಲ್ಸಿ. ಮದ್ರೀನಾ ಯಾರೆಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಸುತ್ತನ್ನು ಕಣ್ಣಾರೆ ನೋಡಿದರೆ ಸಾಕು ಎಂದುಕೊಂಡು ಗೋಡೆಯ ಕಡೆ ತಿರುಗಿಸಿದ್ದ ಮುಖವನ್ನು ಈಚೆ ಹೊರಳಿಸಿದಳು.

"ಮೇಜು ಆಚೆ ಎಳೀರಿ," ಎಂದಳು ಫಿಲಿಬೆರ್ತಾ. ಮಗುವನ್ನು ತನ್ನ ಸೊಂಟದ ಮೇಲೆ ಕೂರಿಸಿಕೊಂಡು ಮಂಚದ ಬಳಿ ಬಂದಳು. ಒಂಬತ್ತು ಬೀಜಗಳನ್ನು ಸೊಸೆಯ ಅಂಗೈಗೆ ಸುರಿದಳು. "ಸೊಂಟ ನಂದು, ಮದ್ರೀನಾ ನೀನು. ನಾನು ಸುತ್ತು ಬರ್ತೀನಿ. ನೀನು ಪಾದ ಮುಟ್ಟು, ಬೀಜ ತಿನ್ನು. ಲೆಕ್ಕ ತಪ್ಪಿಸ್ಬೇಡ, ಪೆದ್ದಿ!"

ಎಲ್ಸಿ ಅಳುತ್ತಲೇ ಬೀಜ ಅಗಿದಳು. ಸುತ್ತಿಗೊಮ್ಮೆ ಆ ಪುಟ್ಟ ಪಾದ ಕೈಗೆ ಸಿಕ್ಕಿ ಜಾರಿಹೋಗುತ್ತಿತ್ತು. ಒಂಬತ್ತನೆಯ ಬೀಜವೂ ಮುಗಿಯಿತು. ಫಿಲಿಬೆರ್ತಾ ಮಗುವನ್ನು ನೆಯ್ಡಿಯ ಕೈಗೆ ಕೊಟ್ಟಳು. ಆದರೆ ನಿಲ್ಲಲಿಲ್ಲ. ಬರಿದಾದ ಸೊಂಟದ ಸುತ್ತ ತೋಳನ್ನು ಹಾಗೇ ಬಳಸಿಟ್ಟುಕೊಂಡು ಮತ್ತೆ ಹೊರಟಳು.

"ಅಮ್ಮಾ, ಒಂಬತ್ತು ಆಯ್ತು," ಎಂದಳು ನೆಯ್ಡಿ.

"ಗೊತ್ತು. ಇದು ಲುಸೆಲಿದು."

ಮುದುಕಿ ನಿಧಾನವಾಗಿ ಮಂಚ ಸುತ್ತಿ ಬಂದಳು. ಅವಳು ಹತ್ತಿರ ಬಂದಾಗ ಎಲ್ಸಿ ಕೈ ಚಾಚಿ, ಪಾದ ಇರಬೇಕಾಗಿದ್ದ ಜಾಗದಲ್ಲಿ ಅತ್ತೆಯ ನಿಲುವಂಗಿಯನ್ನು ಮುಟ್ಟಿದಳು.