ಅರಗಿನ ಕೆಳಗಿನ ಮುಖ

“ಮಿಕ್ಕಿದ್ದನ್ನೆಲ್ಲ ಏನು ಬೇಕಾದ್ರೂ ಮಾಡ್ಕೊಳ್ಳಿ ಡಾಕ್ಟ್ರೇ. ಅದೊಂದರ ಅರಗು ಮಾತ್ರ ಕೆರೀಬೇಡಿ.”

ಮುದುಕಿ ಹೀಗೆ ಹೇಳುವ ಹೊತ್ತಿಗೆ ದಂತವೈದ್ಯ ಆ ನಾಣ್ಯವನ್ನು ಆಗಲೇ ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದಿದ್ದ. ಎರಡು ಬೆರಳಗಲದ ತಾಮ್ರ, ಕಿಲುಬು ಹಿಡಿದು ಹಸಿರುಗಪ್ಪಾಗಿತ್ತು. ಎಡಕ್ಕೆ ಗಡ್ಡದ ಚಕ್ರವರ್ತಿಯೊಬ್ಬನ ಮುಖ. ಅವನೆದುರು ಇನ್ನೊಂದು ಮುಖವಿರಬೇಕಾದ ಕಡೆ ಕಪ್ಪು ಅರಗನ್ನು ದಪ್ಪಗೆ ಮೆತ್ತಿದ್ದರು. ಅಂಚಿನ ಸುತ್ತ ಸವೆದ ಗ್ರೀಕ್ ಅಕ್ಷರಗಳು. ಅವನ ಬಾಯಲ್ಲಿ ನೀರೂರಿತು.

ನಾಣ್ಯದ ಹುಚ್ಚಿನವರೆಲ್ಲ ಸಾಮಾನ್ಯವಾಗಿ ರೋಮಿನ ಬೆಳ್ಳಿ ಬಂಗಾರದ ಹಿಂದೆ ಬೀಳುತ್ತಾರೆ. ಇವನಿಗೆ ಬೇಕಾಗಿದ್ದು ಪ್ರಾಂತ್ಯದ ನಾಣ್ಯಗಳು. ಆ ಚಕ್ರಾಧಿಪತ್ಯದ ದೂರದ ಊರುಗಳು ತಮ್ಮ ಪಾಡಿಗೆ ತಾವು ಅಚ್ಚು ಹಾಕಿಕೊಂಡ ತಾಮ್ರದ ಕಾಸುಗಳು. ಒಂದರ ಬೆನ್ನಿಗೆ ಆ ಊರಿನ ನದಿ ಮುದುಕನ ರೂಪದಲ್ಲಿ ಒರಗಿ ಕೂತಿರುತ್ತದೆ, ಇನ್ನೊಂದರ ಬೆನ್ನಿಗೆ ಆ ಊರಿನವರಿಗಷ್ಟೇ ಗೊತ್ತಿದ್ದ ದೇವತೆ. ಉಳಿದಿರುವ ಎರಡು ಅಕ್ಷರ, ಒಂದು ಮೂಗು, ಗಡ್ಡದ ಒಂದು ಸುರುಳಿ ಹಿಡಿದುಕೊಂಡು ಯಾವ ಊರು, ಯಾರ ಮುಖ ಎಂದು ಪತ್ತೆ ಹಚ್ಚಬೇಕು. ಈ ಗೀಳು ಅಂಟಿ ಇನ್ನೂ ವರ್ಷ ತುಂಬಿರಲಿಲ್ಲ. ಗುರುತು ಸಿಗದ ನಾಣ್ಯ ಮೇಜಿನ ಮೇಲಿದ್ದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

“ಯಾಕಮ್ಮಾ, ಅರಗಿನ ಕೆಳಗೆ ಗುಮ್ಮ ಇದೆಯಾ?” ಎಂದು ನಕ್ಕ.

ಮುದುಕಿ ನಗಲಿಲ್ಲ. ಗಂಡ ತೀರಿಕೊಂಡ ಮೇಲೆ ಅವನ ನಾಣ್ಯದ ಪೆಟ್ಟಿಗೆಗಳನ್ನು ಮಾರಿಬಿಡುತ್ತಿದ್ದಳು. ಮುಚ್ಚಿದ ಕೋಣೆಯಲ್ಲಿ ಹಳೆಯ ತಾಮ್ರದ ಕಮಟು ವಾಸನೆ ಗಂಟಲಿಗೆ ಹತ್ತುವಷ್ಟಿತ್ತು.

“ನಮ್ಮೆಜಮಾನ್ರು ಹೇಳ್ತಿದ್ರು. ಅಣ್ಣ ತಮ್ಮ ಇಬ್ಬರೂ ಚಕ್ರವರ್ತಿಗಳಾಗಿದ್ರಂತೆ. ಅಣ್ಣ ತಮ್ಮನನ್ನ ಕೊಲ್ಲಿಸಿದ್ನಂತೆ. ಆಮೇಲೆ ನಾಣ್ಯಗಳ ಮೇಲಿಂದ ತಮ್ಮನ ಮುಖಾನೂ ಕೆರೆದು ಹಾಕಿದ್ರಂತೆ. ಹಾಗೆ ಕೆರೆದ ಈ ಒಂದು ಕಾಸಿಗೆ ಯಾರೋ ಮಾಟ ಮಾಡಿಸಿಬಿಟ್ರು. ಖಾಲಿಯಾದ ಜಾಗದಲ್ಲಿ ಯಾರು ಮುಖ ಗುರುತು ಹಿಡೀತಾರೋ, ಆ ಮುಖ ಅವರ ಮನೆಯಿಂದಲೇ ಹೋಗಲಿ ಅಂತ.”

“ನಿಮ್ಮ ಯಜಮಾನ್ರು ಹಿಡಿದ್ರಾ?”

“ಹಿಡಿದ್ರಂತೆ. ನಮಗೊಬ್ಬಳು ಮಗಳಿದ್ದಳು, ಇದರೊಳಗೆ ಹೋದಳು ಅಂತ ಸಾಯೋವರೆಗೂ ಅತ್ತರು. ನನಗೆ ಮಕ್ಕಳೇ ಆಗಿಲ್ಲ ಡಾಕ್ಟ್ರೇ. ಅವರಿಗೆ ತಲೆ ಕೆಟ್ಟಿದೆ ಅಂತಾನೇ ಅಂದ್ಕೊಂಡಿದ್ದೆ.” ಅವಳ ಕಣ್ಣು ಬಾಗಿಲ ಕಡೆ ಹೊರಳಿತು. ಅಲ್ಲಿ ದೊಡ್ಡವರ ಚಪ್ಪಲಿಗಳ ಪಕ್ಕದಲ್ಲಿ ಒಂದು ಜೊತೆ ಪುಟ್ಟ ಕೆಂಪು ಚಪ್ಪಲಿ. ಪಟ್ಟಿ ಒಣಗಿ ಬಿರುಕು ಬಿಟ್ಟಿತ್ತು, ಆದರೆ ಮೇಲೆ ಒಂದು ಚೂರು ದೂಳಿರಲಿಲ್ಲ. “ಅದು ಯಾರದ್ದೋ ಗೊತ್ತಿಲ್ಲ. ಎಸೆಯೋಕೆ ಹೋದಾಗೆಲ್ಲ ಯಾಕೋ ಮನಸ್ಸು ಬರಲ್ಲ. ಒರೆಸಿ ಒರೆಸಿ ಇಡ್ತೀನಿ.”

“ಹಾಗಾದ್ರೆ ಈ ಕಾಸನ್ನ ನನಗ್ಯಾಕೆ ಕೊಡ್ತಿದ್ದೀರಿ?”

“ನಾನು ಸತ್ತಮೇಲೆ ಯಾರ ಕೈಗೆ ಸಿಗುತ್ತೋ ಅಂತ ಭಯ. ನೀವು ಓದಿದವರು, ಹೇಳಿದ ಮಾತು ಕೇಳ್ತೀರ ಅಂದ್ಕೊಂಡೆ.”

“ಖಂಡಿತ ಕೆರೆಯಲ್ಲ,” ಎಂದ ದಂತವೈದ್ಯ. ಇಕ್ಕಳವನ್ನು ಬೆನ್ನ ಹಿಂದೆ ಹಿಡಿದುಕೊಂಡು ರೋಗಿಗಳಿಗೆ ‘ಏನೂ ನೋವಾಗಲ್ಲ’ ಎನ್ನುತ್ತಾನಲ್ಲ, ಅದೇ ದನಿ.

ಭಾನುವಾರ ಕ್ಲಿನಿಕ್ಕಿಗೆ ರಜೆ. ಮನೆಯ ಹಿಂದಿನ ಕೋಣೆಯಲ್ಲಿ ಅವನ ಮೇಜು, ಪಕ್ಕದ ಕಪಾಟಿನಲ್ಲಿ ಹಲ್ಲಿನ ಅಚ್ಚುಗಳು. ಅವುಗಳ ನಡುವೆ ಒಂದು ಪುಟಾಣಿ ಪ್ಲಾಸ್ಟರ್ ದವಡೆ, ಮುಂದಿನ ಎರಡು ಹಲ್ಲಿನ ಜಾಗ ಖಾಲಿ. ಅದು ಮಗಳದು. ಹಾಲುಹಲ್ಲು ಉದುರಿದಾಗ ‘ನನ್ನ ಬಾಯಿಗೂ ಅಚ್ಚು ಹಾಕು’ ಎಂದು ಹಟ ಹಿಡಿದು ಮಾಡಿಸಿಕೊಂಡಿದ್ದಳು. ಅಂದಿನಿಂದ ಅಪ್ಪನ ಬಾಯಲ್ಲಿ ಅವಳ ಹೆಸರು ಬೊಚ್ಚಿ ಎಂದಾಯಿತು.

“ಬೇಡ ಅಂದಮೇಲೆ ಬಿಟ್ಟುಬಿಡಿ ರೀ,” ಎಂದಿದ್ದಳು ಹೆಂಡತಿ.

“ಎರಡು ಸಾವಿರ ವರ್ಷದ ಹಿಂದಿನ ಗುಮ್ಮ. ಅದಕ್ಕೂ ಹಲ್ಲುದುರಿರುತ್ತೆ ಬಿಡು,” ಎಂದು ಅವನು ಬಾಗಿಲು ಮುಂದೆ ಮಾಡಿಕೊಂಡಿದ್ದ.

ಹೊರಗೆ ಮೋಡ ಕವಿದಿತ್ತು. ಕರೆಂಟು ಹೋಯಿತು. ಬ್ಯಾಟರಿ ದೀಪ ಹಚ್ಚಿ, ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಯನ್ನು ಬಿಸಿ ಮಾಡಿ ಅರಗಿನ ಅಂಚಿಗೆ ಕೊಟ್ಟ. ಅರಗು ಮೆಲ್ಲಗೆ ಬೆವರಿತು. ಮೊದಲು ಸುಟ್ಟ ಅರಗಿನ ವಾಸನೆ. ಅದರ ಹಿಂದೆಯೇ ಇನ್ನೊಂದು ವಾಸನೆ ಬಂತು, ನಿದ್ದೆಯಿಂದೆದ್ದ ಮಗುವಿನ ನೆತ್ತಿಯದು. ಆದರೂ ಕೈ ನಿಲ್ಲಲಿಲ್ಲ.

ಅರಗಿನ ಕೆಳಗೆ ಉಳಿಯ ಗೀರುಗಳಿರುತ್ತವೆ ಎಂದುಕೊಂಡಿದ್ದ. ಅಲ್ಲಿ ಮುಖವಿತ್ತು. ಎರಡು ಜಡೆಯ ಹುಡುಗಿ, ಅಗಲ ಹಣೆ, ಬೆದರಿದ ಕಣ್ಣು. ಇಂಥ ಮುಖ ಯಾವ ಪುಸ್ತಕದಲ್ಲೂ ನೋಡಿದ ನೆನಪಿಲ್ಲ. ಪುಸ್ತಕ ತಿರುವಿ ಬಂದು ಮತ್ತೆ ಲೆನ್ಸಿಗೆ ಕಣ್ಣಿಟ್ಟಾಗ ಒಂದು ಜಡೆ ಕಾಣಲಿಲ್ಲ. ಇನ್ನೊಮ್ಮೆ ನೋಡಿದಾಗ ಹಣೆ ಉಬ್ಬಿತ್ತು. ದೀಪದ ಆಟ ಎಂದುಕೊಂಡ. ಆ ಊರುಗಳಲ್ಲಿ ಎಷ್ಟೋ ಸಲ ಹಳೆಯ ಕಾಸಿನ ಮೇಲೆಯೇ ಹೊಸ ಅಚ್ಚು ಹೊಡೆಯುತ್ತಿದ್ದರು. ಹೊಸ ಮುಖ ಬಿದ್ದರೆ ಹಳೆಯದು ಅಳಿಯುತ್ತದೆ, ಎಲ್ಲೋ ಒಂದು ಕಿವಿ, ಒಂದು ಕೂದಲು ಇಣುಕುತ್ತಾ ಉಳಿದಿರುತ್ತದೆ. ಇದೂ ಅಂಥದ್ದೇ ಎಂದು ತನ್ನ ಜಾಣತನಕ್ಕೆ ತಾನೇ ಬೆನ್ನು ತಟ್ಟಿಕೊಂಡ.

ಬಾಗಿಲು ಕಿರ್ರೆಂದಿತು. “ಅಪ್ಪಾ, ಇನ್ನೊಂದು ಹಲ್ಲು ಅಲ್ಲಾಡ್ತಿದೆ. ನೋಡು.”

“ತಾಳೇ ಬೊಚ್ಚಿ, ಆಮೇಲೆ ನೋಡ್ತೀನಿ.”

“ಈಗ್ಲೇ ನೋಡು.”

“ಒಂದೇ ನಿಮಿಷ ಕಂದಾ.” ಅವನು ತಲೆ ಎತ್ತಲಿಲ್ಲ.

ಅವಳು ಹಿಂದಿನಿಂದ ಸ್ಟೂಲು ಹತ್ತಿ ಅವನ ಭುಜದ ಮೇಲೆ ಗದ್ದ ಊರಿದಳು. ಬೆಚ್ಚಗಿನ ಉಸಿರು ಕಿವಿಗೆ ತಾಗಿತು. “ಅಪ್ಪಾ, ಇವಳು ನನ್ನ ಥರಾನೇ ಇದ್ದಾಳೆ.”

ಅವನು ಲೆನ್ಸಿನಲ್ಲೇ ನೋಡಿದ. ಉಬ್ಬಿದ ಹಣೆ. ಮೇಲಕ್ಕೆತ್ತಿದ ಮೂಗಿನ ತುದಿ. ಎಷ್ಟು ಬಾಚಿದರೂ ಕಿವಿಯ ಹಿಂದೆ ನಿಲ್ಲದ ಒಂದು ಕೂದಲೆಳೆ. ಗದ್ದದಡಿ ಸಣ್ಣ ಗಾಯದ ಗುರುತು. ಕ್ಲಿನಿಕ್ಕಿನ ಕುರ್ಚಿಯಿಂದ ಬಿದ್ದಾಗ ಆದದ್ದು, ಹೊಲಿಗೆ ಹಾಕಿದ್ದು ಅವನೇ. ಒಂದೊಂದಾಗಿ ಎಲ್ಲವೂ ಕೂಡಿಬಂತು. ಬೆಳಗಿನಿಂದ ತಿಣುಕಿದ ಒಗಟು ಬಿಡಿಸಿದ ಖುಷಿ ಅವನ ಬಾಯಿಂದ ತಾನಾಗಿ ಹೊರಬಿತ್ತು.

“ಅರೆ, ಹೌದಲ್ಲೇ! ಇದು ನೀನೇ!”

ಭುಜ ಹಗುರವಾಯಿತು.

ಅವನು ತಿರುಗಿದ. ಸ್ಟೂಲು ಖಾಲಿ. ಬಾಗಿಲು ಮುಚ್ಚಿತ್ತು. ಕಿರ್ರೆಂದಿರಲಿಲ್ಲ. “ಬೊಚ್ಚೀ?” ಮೇಜಿನ ಕೆಳಗೆ ಇಲ್ಲ. ಪರದೆಯ ಹಿಂದೆ ಇಲ್ಲ. ಪಡಸಾಲೆಯಲ್ಲಿ ಇಲ್ಲ. ಅವಳ ಕೋಣೆಯ ಬಾಗಿಲು ದೂಡಿದ. ಹಾಸಿಗೆ ಇಲ್ಲ. ಗೊಂಬೆ ಇಲ್ಲ. ಗೋಡೆಯ ಮೇಲೆ ಪೆನ್ಸಿಲ್ಲಿನ ಗೀಚು ಇಲ್ಲ. ಇಸ್ತ್ರಿ ಮೇಜು. ರಟ್ಟಿನ ಪೆಟ್ಟಿಗೆಗಳು. ಬಹಳ ದಿನದ ದೂಳು.

ಗೋಡೆಯ ಮೇಲಿನ ಫೋಟೋದಲ್ಲಿ ಗಂಡ ಹೆಂಡತಿ ಇಬ್ಬರೇ ನಿಂತಿದ್ದರು. ನಡುವೆ ಒಂದು ಮಗು ನಿಲ್ಲುವಷ್ಟು ಜಾಗ. ಅವನ ಕೈ ಆ ಜಾಗದಲ್ಲಿ, ಯಾರದೋ ತಲೆ ಸವರುವಂತೆ, ಗಾಳಿಯಲ್ಲಿತ್ತು.

“ಏನು ಹುಡುಕ್ತಿದ್ದೀರಿ?” ಹೆಂಡತಿ ಅಡುಗೆಮನೆಯಿಂದ ಬಂದಳು.

“ಬೊಚ್ಚಿ ಎಲ್ಲಿ?”

“ಯಾರು ಬೊಚ್ಚಿ? ಪೇಷೆಂಟಾ?”

“ನಮ್ಮ ಮಗಳು ಕಣೇ!”

ಅವಳ ಮುಖ ಬಿಳುಚಿತು. ಕೈಯಲ್ಲಿದ್ದ ಬಟ್ಟೆಯನ್ನು ಮುದ್ದೆ ಮಾಡಿ ಹಿಡಿದಳು. “ಮಕ್ಕಳ ವಿಷಯ ನನ್ನ ಹತ್ರ ಎತ್ತಬೇಡಿ ಅಂತ ಎಷ್ಟು ಸಲ ಹೇಳಿದ್ದೀನಿ? ಎಷ್ಟು ಡಾಕ್ಟರ ಹತ್ರ ಹೋಗಿ ಅತ್ತು ಬಂದೆ ಅಂತ ನಿಮಗೆ ಗೊತ್ತಿಲ್ವಾ? ಇಂಥ ತಮಾಷೆ ಬೇಡ ರೀ.” ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಒಳಗೆ ಹೋದಳು.

ಅವನು ಬರಿಗಾಲಲ್ಲೇ ಮುದುಕಿಯ ಮನೆಗೆ ಓಡಿದ.

ಬಾಗಿಲು ಕಿಟಕಿ ಎಲ್ಲ ತೆರೆದಿದ್ದವು. ಮುದುಕಿ ಏನೋ ಗುನುಗುತ್ತಾ ನೆಲ ಒರೆಸುತ್ತಿದ್ದಳು. “ಬನ್ನಿ ಡಾಕ್ಟ್ರೇ! ಮಧ್ಯಾಹ್ನದಿಂದ ಮನಸ್ಸು ಎಷ್ಟು ಹಗುರಾಗಿದೆ ಗೊತ್ತಾ? ಎದೆ ಮೇಲಿನ ಕಲ್ಲು ಇಳಿಸಿದ ಹಾಗೆ.”

“ಅರಗು ಕೆರೆದುಬಿಟ್ಟೆ ಅಮ್ಮಾ. ನಿಮ್ಮ ಕಾಲು ಹಿಡೀತೀನಿ. ಏನು ಮಾಡಬೇಕು ಹೇಳಿ.”

“ಯಾವ ಅರಗು? ಓ, ಆ ಕಾಸಾ? ತಗೊಂಡ ಮೇಲೆ ಅದು ನಿಮ್ಮದು, ಕೆರೆದ್ರೆ ಕೆರೀರಿ.”

“ನಿಮ್ಮ ಮಗಳು—”

“ನನಗೆಲ್ಲಿಯ ಮಗಳು?” ಎಂದು ಅವಳು ನಕ್ಕಳು. ಆ ದಿನ ಇಂಥ ಮಾತಿಗೆ ಬಾಗಿಲ ಕಡೆ ಹೊರಳಿದ್ದ ಕಣ್ಣು ಈಗ ಹೊರಳಲಿಲ್ಲ. ಬಾಗಿಲ ಪಕ್ಕ ಒರೆಸಿ ಒಣಗಿದ ನೆಲವಿತ್ತು. “ಮಕ್ಕಳು ಮರಿ ಇಲ್ಲದವಳಿಗೆ ಇಷ್ಟೊಂದು ಸಾಮಾನು ಯಾಕೆ ಹೇಳಿ? ಹಳೇದೆಲ್ಲ ಹೊರಗೆ ಹಾಕಿದೆ.”

ಬೀದಿಯ ಕಸದ ತೊಟ್ಟಿಯಲ್ಲಿ, ತರಕಾರಿ ಸಿಪ್ಪೆಯ ಮೇಲೆ, ಆ ಕೆಂಪು ಚಪ್ಪಲಿಗಳು ಬಿದ್ದಿದ್ದವು.

ಆಗ ಅವನಿಗೆ ತಿಳಿಯಿತು. ಮುದುಕಿಯ ಗಂಡ ಅರಗು ಮೆತ್ತಿದ್ದು ಮಾಟಕ್ಕೆ ಹೆದರಿ ಅಲ್ಲ. ಮಗಳ ಮೇಲೆ ಇನ್ನೊಬ್ಬರ ಮಗು ಅಚ್ಚೊತ್ತದಿರಲಿ ಎಂದು. ಮುಖ ಅದರ ಕೆಳಗೆ ಉಳಿದಿದ್ದಷ್ಟು ಕಾಲ ಮುದುಕಿಯ ಎದೆಯಲ್ಲೂ ಹೆಸರಿಲ್ಲದೊಂದು ನೋವು ಉಳಿದಿತ್ತು, ಚಪ್ಪಲಿ ಒರೆಸುವಷ್ಟು. ಅದನ್ನೂ ಅವನು ಕೆರೆದು ಹಾಕಿದ್ದ. ಎರಡು ಜಡೆಯ ಆ ಹುಡುಗಿಯನ್ನು ಬಲ್ಲವನು ಈಗ ಲೋಕದಲ್ಲಿ ಅವನೊಬ್ಬನೇ. ಬಗ್ಗಿ ಚಪ್ಪಲಿಗಳನ್ನೆತ್ತಿ ಎದೆಗವಚಿಕೊಂಡು ಬೀದಿಯಲ್ಲೇ ಬಿಕ್ಕಿ ಬಿಕ್ಕಿ ಅತ್ತ.

ಮರುಕ್ಷಣವೇ ನೆನಪಾಯಿತು. ನಾಣ್ಯ ಮೇಜಿನ ಮೇಲಿದೆ. ಮುಖ ತೆರೆದಿದೆ. ಮನೆಯಲ್ಲಿ ಹೆಂಡತಿಯಿದ್ದಾಳೆ.

ಓಡಿದ. ಚಪ್ಪಲಿ ಕಂಕುಳಲ್ಲಿತ್ತು. ಕಾಲಿಗೆ ಗಾಜು ಹೊಕ್ಕಿತು. ನಿಲ್ಲಲಿಲ್ಲ. ಮೆಟ್ಟಿಲು. ಪಡಸಾಲೆ. ಹಿಂದಿನ ಕೋಣೆ. ದೀಪದ ದುಂಡು ಬೆಳಕಿನಲ್ಲಿ ಹೆಂಡತಿ ಲೆನ್ಸಿನ ಮೇಲೆ ಬಗ್ಗಿದ್ದಳು.

“ಇದಕ್ಕೇನಾ ಅಷ್ಟು ಹುಚ್ಚಾಡಿದ್ದು?” ಅವಳ ದನಿ ಮೆತ್ತಗಿತ್ತು. “ಈ ಮುಖ ಎಲ್ಲೋ ನೋಡಿದ ಹಾಗಿದೆ ರೀ.”

ಅವನು ಬಾಗಿಲಲ್ಲೇ ನಿಂತುಬಿಟ್ಟ. ಹೆತ್ತವಳಲ್ಲವೇ? ನೆನಪಾಗಬಹುದು. ಒಂಬತ್ತು ತಿಂಗಳು ಹೊತ್ತವಳು. ಹೇಳು. ಹೆಸರು ಹೇಳು.

“ಈ ಮೂಗು ನೋಡಿ,” ಎಂದಳು. “ಥೇಟ್ ನಮ್ಮ ಅಮ್ಮ—”

“ಬೇಡ!”

ಹಾರಿ ಅವಳನ್ನು ದೂಡಿದ. ದೀಪ ಉರುಳಿತು. ಲೆನ್ಸು ಒಡೆಯಿತು. ಮಬ್ಬುಗತ್ತಲಲ್ಲಿ ನೆಲ ತಡಕಾಡಿ ನಾಣ್ಯವನ್ನು ಮುಷ್ಟಿಯಲ್ಲಿ ಹಿಡಿದ. ಹೆಬ್ಬೆರಳಿಂದ ಸವರಿದ. ಗದ್ದದಡಿಯ ಗಾಯ ಬೆರಳಿಗೆ ಸಿಕ್ಕಿತು. ಇನ್ನೂ ಇದ್ದಾಳೆ. ಗೋಡೆಗೊರಗಿ ನಿಂತ ಹೆಂಡತಿ ಅವನನ್ನು ಪರಕೀಯನ ಹಾಗೆ ನೋಡುತ್ತಿದ್ದಳು.

ಅವಳು ಹೊರಗೆ ಹೋದ ಮೇಲೆ ಸ್ಪಿರಿಟ್ ದೀಪ ಹಚ್ಚಿದ. ಹಲ್ಲಿನ ಸೆಟ್ಟು ಮಾಡುವ ಗುಲಾಬಿ ಮೇಣ ಚಮಚದಲ್ಲಿ ಕರಗಿ ಸಿಹಿಯಾಗಿ ನಾರಿತು. ಸುರಿಯುವ ಮೊದಲು ಕೊನೆಯ ಸಲ ನೋಡಿದ.

“ಬೊಚ್ಚೀ, ಯಾವ ಹಲ್ಲು ಅಲ್ಲಾಡ್ತಿದೆ? ತೋರಿಸು ಕಂದಾ. ಅಪ್ಪ ನೋಡ್ತಾನೆ.”

ತಾಮ್ರದ ತುಟಿ ಬಿಚ್ಚಲಿಲ್ಲ. ಅವಳು ಕರೆದಾಗ ತಲೆ ಎತ್ತಿದ್ದರೆ ಸಾಕಿತ್ತು. ಮೇಣ ಮೊದಲು ಹಣೆಯ ಮೇಲೆ ಹರಿಯಿತು, ಆಮೇಲೆ ಮೂಗು, ಆಮೇಲೆ ಬಾಯಿ.

ಮತ್ತೆ ಅವನು ನಾಣ್ಯಗಳ ಹತ್ತಿರ ಸುಳಿಯಲಿಲ್ಲ. ಪೆಟ್ಟಿಗೆಗಳೆಲ್ಲ ಹೋದವು. ಗುಲಾಬಿ ಮೇಣದ ಕಾಸೊಂದು ಮಾತ್ರ ಅವನ ಕೊರಳಲ್ಲಿ ಚೀಲದೊಳಗೆ ಉಳಿಯಿತು. ಮಲಗುವಾಗಲೂ ತೆಗೆಯುತ್ತಿರಲಿಲ್ಲ. ಹೆಂಡತಿ ಅದರ ಬಗ್ಗೆ ಕೇಳುವುದನ್ನು ಬಿಟ್ಟಳು.

ಒಂದು ಬೆಳಗ್ಗೆ ಅವಳು ಕಪಾಟು ಚೊಕ್ಕಟ ಮಾಡುತ್ತಿದ್ದಳು. ಹಳೆಯ ಅಚ್ಚುಗಳನ್ನು ಒಂದೊಂದಾಗಿ ಕಸದ ಬುಟ್ಟಿಗೆ ಹಾಕುತ್ತಾ ಬಂದವಳ ಕೈ ಒಂದು ಕಡೆ ನಿಂತಿತು.

“ರೀ, ಇದು ಯಾರ ಹಲ್ಲು? ಇಷ್ಟು ಚಿಕ್ಕದು? ಮುಂದಿನ ಎರಡು ಇಲ್ಲವೇ ಇಲ್ಲ.”

ಅವನು ಅಂಗಿಯ ಮೇಲಿಂದಲೇ ಚೀಲವನ್ನು ಒತ್ತಿ ಹಿಡಿದ.

ಅವಳು ಅದನ್ನು ಬುಟ್ಟಿಯವರೆಗೆ ಒಯ್ದಳು. ನಿಂತಳು. ವಾಪಸು ತಂದಳು. ಖಾಲಿ ಜಾಗದ ಮೇಲೆ ಹೆಬ್ಬೆರಳಾಡಿಸುತ್ತಾ ಬಹಳ ಹೊತ್ತು ಹಾಗೇ ಇದ್ದಳು. ಯಾಕೆಂದು ತಿಳಿಯದೆ ಅವಳ ಕಣ್ಣಲ್ಲಿ ನೀರು ತುಂಬಿತ್ತು.

“ಇರಲಿ ಬಿಡಿ,” ಎಂದಳು. “ಎಸೆಯೋಕೆ ಯಾಕೋ ಮನಸ್ಸು ಬರ್ತಿಲ್ಲ.”

ಸೆರಗಿನ ಅಂಚಿನಿಂದ ಅದರ ದೂಳು ಒರೆಸಿ, ಕಪಾಟಿನಲ್ಲಿ ಮತ್ತೆ ಅದೇ ಜಾಗದಲ್ಲಿಟ್ಟಳು.