ಬಾಣಂತನಕ್ಕೆ ಯಾವ ವೀಸಾ?

"ನನ್ನ ಮಗಳ ಬಾಣಂತನ ನಾನೇ ಮಾಡ್ತೀನಿ, ಐದು ತಿಂಗಳು" ಎಂದು ಕಲ್ಯಾಣಮ್ಮ ಮಾತು ಕೊಟ್ಟು ಆರು ವರ್ಷವಾಗಿತ್ತು. ಕೊಟ್ಟದ್ದು ಮಗಳ ಮದುವೆಯಲ್ಲಿ, ಬೀಗರ ಎದುರಿಗೆ. ಪಕ್ಕದಲ್ಲಿ ಮೈಕ್ ಆನ್ ಇದ್ದದ್ದರಿಂದ ಊಟದ ಹಾಲ್‌ನಲ್ಲಿ ಇದ್ದವರಿಗೂ ಕೇಳಿಸಿತ್ತು.

ಆ ಮಗಳು ಮಾಲವಿಕಾ ಈಗ ನೆದರ್ಲೆಂಡ್ಸ್‌ನಲ್ಲಿದ್ದಳು. ಏಳು ತಿಂಗಳ ಬಸುರಿ. ಕಲ್ಯಾಣಮ್ಮ ರಾಜಾಜಿನಗರದಲ್ಲಿ, ಗಿರಿರಾಜ್ ಅವರ ಟ್ರಾವೆಲ್ಸ್ ಅಂಗಡಿಯ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದಳು. ಪಕ್ಕದಲ್ಲಿ ಪೆನ್ಸಿಲ್ ಹಿಡಿದ ಮೊಮ್ಮಗಳು, ಮಗನ ಮಗಳು ವಚನಾ. ಐದನೇ ಕ್ಲಾಸ್. ಅಪ್ಪ ಅಮ್ಮ ಇಬ್ಬರೂ ಡ್ಯೂಟಿಗೆ ಹೋಗಿದ್ದರಿಂದ ಆ ಹೊತ್ತಿಗೆ ಮನೆಯಲ್ಲಿ ಇಂಗ್ಲಿಷ್ ಬರುವವಳು ಅವಳೊಬ್ಬಳೇ.

"ಈ ವೀಸಾ ಫಾರ್ಮ್ ಮೊದ್ಲು ಪೆನ್ಸಿಲ್‌ನಲ್ಲಿ ತುಂಬಿ ಕೊಡಮ್ಮ, ಆಮೇಲೆ ನಾನು ಟೈಪ್ ಮಾಡ್ತೀನಿ" ಎಂದಿದ್ದರು ಗಿರಿರಾಜ್.

ವಚನಾ ತುಂಬಿ ಕೊಟ್ಟಳು. ಅವರು ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಓದಿದರು.

"ಹೋಗುವ ಉದ್ದೇಶ, ಕೆಲಸ. ಎಷ್ಟು ದಿನ, ಐದು ತಿಂಗಳು. ಇದನ್ನ ಯಾರು ಹೇಳಿದ್ದು ಪುಟ್ಟಿ?"

"ಅಜ್ಜಿ."

"ಮತ್ತೆ ಕೆಲ್ಸ ಅಲ್ವಾ?" ಎಂದಳು ಅಜ್ಜಿ. "ಬೆಳಿಗ್ಗೆ ಐದಕ್ಕೆದ್ದು ನೀರು ಕಾಯಿಸ್ಬೇಕು. ಮಗೂಗೆ ಎಣ್ಣೆ ಹಚ್ಚಿ ಎರೀಬೇಕು. ಬಾಣಂತಿಗೆ ಎರೀಬೇಕು. ಮೆಣಸಿನ ಸಾರು, ಅಂಟಿನ ಉಂಡೆ, ಬಟ್ಟೆ ಒಗೆಯೋದು. ನಾನೇನು ಊರು ನೋಡಕ್ಕೆ ಹೋಗ್ತಾ ಇದೀನಾ?"

"ಅಮ್ಮಾ, ಕೆಲಸ ಅಂತ ಬರೆದ್ರೆ ಕೆಲಸದ ವೀಸಾನೇ ಬೇಕಾಗುತ್ತೆ. ಅದಕ್ಕೆ ಅಲ್ಲಿನ ಕಂಪನಿಯವರು ಲೆಟರ್ ಕೊಡ್ಬೇಕು."

"ಮಾಲವಿಕಾ ಕೊಡ್ತಾಳೆ ಬಿಡಿ."

"ಅವರು ಕಂಪನಿ ಅಲ್ಲಮ್ಮ, ಮಗಳು."

ಗಿರಿರಾಜ್ ಎದ್ದು ಫ್ಯಾನ್ ಜೋರು ಮಾಡಿ ಬಂದರು.

"ನೋಡಿ ಅಮ್ಮಾ. ಊರು ನೋಡಕ್ಕಾಗ್ಲಿ, ಮಕ್ಕಳ ಮನೆಗಾಗ್ಲಿ, ಹೋಗಿ ಬರೋರಿಗೆ 'ಸಿ' ಅಂತ ವೀಸಾ. ಜಾಸ್ತಿ ಅಂದ್ರೆ ತೊಂಬತ್ತು ದಿನ. ಅಲ್ಲೇ ಇರೋರಿಗೆ 'ಡಿ' ಅಂತ. ಓದೋರಿಗೆ, ಕೆಲ್ಸ ಸಿಕ್ಕಿರೋರಿಗೆ, ಗಂಡನೋ ಹೆಂಡ್ತಿನೋ ಅಲ್ಲಿರೋರಿಗೆ."

"ತಾಯಂದಿರಿಗೆ?"

"ತಾಯಂದಿರಿಗೆ ತೊಂಬತ್ತು ದಿನ."

ವಚನಾಗೆ ಒಳಗೊಳಗೇ ಖುಷಿಯಾಯಿತು. ಚಿಕ್ಕಂದಿನಿಂದ ಅವಳು ಮಲಗುತ್ತಿದ್ದದ್ದು ಅಜ್ಜಿಯ ಪಕ್ಕದಲ್ಲೇ. ಐದು ತಿಂಗಳು ಅಂದರೆ ನೂರೈವತ್ತು ದಿನ. ಅದರಲ್ಲಿ ತೊಂಬತ್ತು ಕಳೆದರೆ ಅರವತ್ತು. ಅರವತ್ತು ದಿನ ಅಜ್ಜಿ ಜಾಸ್ತಿ ಸಿಗುತ್ತಾಳೆ. ಅವಳು ಖುಷಿಯನ್ನು ಮುಖಕ್ಕೆ ಬರಲು ಬಿಡದೆ ಪೆನ್ಸಿಲ್ ತುದಿ ಕಚ್ಚಿದಳು.

"ತೊಂಬತ್ತು ಮುಗಿದ್ಮೇಲೆ ಒಂದಿನ ಇಲ್ಲಿಗೆ ಬಂದು ಮತ್ತೆ ಹೋದ್ರೆ?" ಎಂದಳು ಅಜ್ಜಿ.

"ಆಗಲ್ಲಮ್ಮ. ನೂರೆಂಬತ್ತು ದಿನದಲ್ಲಿ ತೊಂಬತ್ತೇ. ವಾಪಸ್ ಬಂದು ಇನ್ನೊಂದು ತೊಂಬತ್ತು ದಿನ ಕಾಯ್ಬೇಕು."

"ಬಾಣಂತಿ ಕಾಯ್ತಾಳೇನಪ್ಪಾ?"

ಗಿರಿರಾಜ್ ಹತ್ತಿರ ಅದಕ್ಕೆ ಫಾರ್ಮ್ ಇರಲಿಲ್ಲ.

"ಹಾಗಾದ್ರೆ ನಾನು ಸೈನ್ ಹಾಕಲ್ಲ. ಅಷ್ಟು ಜನರ ಮುಂದೆ ಐದು ಅಂತ ಹೇಳಿ, ಇಲ್ಲಿ ಬಂದು ಮೂರಕ್ಕೆ ಸೈನ್ ಹಾಕಲಾ?"

"ಸೋಮವಾರ ಅಪಾಯಿಂಟ್‌ಮೆಂಟ್ ಇದೆ ಅಮ್ಮಾ. ಇದು ತಪ್ಪಿದ್ರೆ ಮುಂದಿನದು ಯಾವಾಗ ಸಿಗುತ್ತೋ. ಅಷ್ಟರಲ್ಲಿ ಹೆರಿಗೆನೇ ಆಗಿರುತ್ತೆ."

ಅಜ್ಜಿ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದಳು. ಅದರಲ್ಲಿ ಒಂದು ಹಸು ಹಿಮದ ಬೆಟ್ಟದ ಮುಂದೆ ನಿಂತಿತ್ತು. ಅಜ್ಜಿ ಹೀಗೆ ಕೂತರೆ ಯಾರ ಮಾತಿಗೂ ಬಗ್ಗುವುದಿಲ್ಲ ಎಂದು ಗೊತ್ತಿದ್ದ ವಚನಾ, ಮಾಲವಿಕಾ ಅತ್ತೆಗೆ ವಿಡಿಯೋ ಕಾಲ್ ಮಾಡಿದಳು.

"ಅತ್ತೆ, ತೊಂಬತ್ತೇ ದಿನ ಅಂತೆ. ಅಜ್ಜಿ ಸೈನ್ ಹಾಕ್ತಾ ಇಲ್ಲ."

ಅತ್ತೆ ಫೋನನ್ನು ಮುಖದ ಹತ್ತಿರ ತಂದುಕೊಂಡಳು.

"ಅಮ್ಮ, ತೊಂಬತ್ತು ದಿನಾನೇ ಬಾ. ಇಲ್ಲಿ ನರ್ಸ್ ಮನೆಗೇ ಬರ್ತಾರೆ, ಎಂಟು ದಿನ."

"ಎಂಟು ದಿನಕ್ಕೆ ಹೊಕ್ಕಳಬಳ್ಳೀನೂ ಉದುರಿರಲ್ಲ."

"ಆಮೇಲೆ ನಾನು ನೋಡ್ಕೋತೀನಮ್ಮ."

"ಮೂರು ತಿಂಗಳಿಗೆ ನೀನು ಆಫೀಸ್‌ಗೆ ಹೋಗ್ಬೇಕಲ್ಲೇ. ಆಗ ಮಗು?"

"ಅದಕ್ಕೇ ಐದು ತಿಂಗಳು ಅಂತ ಎಣಿಸಿಟ್ಟಿದ್ದೆ" ಎಂದು ಅತ್ತೆ ನಕ್ಕಳು. ನಗು ಅರ್ಧಕ್ಕೇ ನಿಂತಿತು. "ಬಾರಮ್ಮ. ಎಷ್ಟು ದಿನ ಬಿಡ್ತಾರೋ ಅಷ್ಟು ದಿನ ಬಾ."

ಫೋನ್ ಹಿಡಿದಿದ್ದವಳು ವಚನಾ. ಅತ್ತೆಯ ಕಣ್ಣು ಅವಳಿಗೆ ತೀರಾ ಹತ್ತಿರದಿಂದ ಕಾಣುತ್ತಿತ್ತು. ತನಗೆ ಸಿಕ್ಕ ಅರವತ್ತು ದಿನ ಯಾರದು ಎಂದು ಅವಳಿಗೆ ಆಗ ತಿಳಿಯಿತು. ಅವಳು ಪೆನ್ಸಿಲ್ ಕಚ್ಚುವುದನ್ನು ಬಿಟ್ಟಳು.

"ಅಳಿಸೇ" ಎಂದಳು ಅಜ್ಜಿ.

ವಚನಾ ರಬ್ಬರ್‌ನಿಂದ ಅಳಿಸಿದಳು. 'ಕುಟುಂಬದವರ ಭೇಟಿ' ಎಂದಿದ್ದ ಕಡೆ ಟಿಕ್ ಹಾಕಿ, ದಿನಗಳ ಜಾಗದಲ್ಲಿ ತೊಂಬತ್ತು ಎಂದು ಬರೆದಳು. ಗಿರಿರಾಜ್ ಟೈಪ್ ಮಾಡಿ ಪ್ರಿಂಟ್ ತೆಗೆದರು. ಅಜ್ಜಿ ಕನ್ನಡದಲ್ಲಿ, ಒಂದೊಂದೇ ಅಕ್ಷರ ಒತ್ತಿ ಒತ್ತಿ ಸೈನ್ ಹಾಕಿದಳು.

"ಸೂಪರ್ ಅಮ್ಮಾ" ಎಂದರು ಗಿರಿರಾಜ್.

ವೀಸಾ ಬಂತು. ಅಜ್ಜಿ ಹೋದಳು. ಅತ್ತೆಗೆ ಹೆಣ್ಣು ಮಗು ಹುಟ್ಟಿತು. ಎಂಬತ್ತೆಂಟನೇ ದಿನ ಅಜ್ಜಿ ವಾಪಸ್ ಬಂದಳು.

ಮಾರನೇ ದಿನ ಮಧ್ಯಾಹ್ನ ಊಟ ಮುಗಿಸಿ ವಚನಾ ಓಡಿ ಹೋಗಿ ಅಜ್ಜಿಯ ಪಕ್ಕ ಮಲಗಿದಳು. ಅಜ್ಜಿಗೆ ಆಗಲೇ ಜೊಂಪು ಹತ್ತಿತ್ತು. ನಿದ್ದೆಯಲ್ಲೇ ಕೈ ಚಾಚಿ ವಚನಾಳ ಬೆನ್ನು ತಟ್ಟತೊಡಗಿದಳು. ಮೆಲ್ಲಗೆ, ಎರಡೇ ಬೆರಳಲ್ಲಿ, ತೀರಾ ಎಳೆಮಗುವಿಗೆ ತಟ್ಟುವ ಹಾಗೆ.

ಅಜ್ಜಿ ಯಾರಿಗೆ ತಟ್ಟುತ್ತಿದ್ದಾಳೆ ಎಂದು ವಚನಾಗೆ ಗೊತ್ತಾಯಿತು. ಅಜ್ಜಿಗೆ ಎಚ್ಚರವಾಗಬಾರದೆಂದು ಅಲುಗಾಡದೆ ಮಲಗಿದಳು.

ಕಲ್ಯಾಣಮ್ಮ ಹೇಳಿದ್ದು ಐದು ತಿಂಗಳು. ಇದ್ದದ್ದು ಮೂರಕ್ಕೆ ಎರಡು ದಿನ ಕಡಿಮೆ. ಕೊಟ್ಟ ಮಾತು ಉಳಿಯಲಿಲ್ಲ.