ಗಿಡ್ಡ ಕ್ರ್ಯಾಂಕ್, ಉದ್ದ ಕ್ರ್ಯಾಂಕ್

"ಅಕ್ಕಾ, ಪೆಡಲ್ ಕೈಗೇ ಬಂತು!"

ತಮ್ಮ ಒಂದು ಕೈಯಲ್ಲಿ ಪೆಡಲ್, ಇನ್ನೊಂದು ಕೈಯಲ್ಲಿ ಒಂಟಿಚಕ್ರದ ಸೈಕಲ್ ಹಿಡಿದು ಅಂಗಡಿಯ ಬಾಗಿಲಲ್ಲಿ ನಿಂತಿದ್ದ. ಮೊಣಕಾಲು ತರಚಿಹೋಗಿತ್ತು. ಆದರೂ ಹಲ್ಲು ಕಿರಿಯುವುದನ್ನು ಬಿಟ್ಟಿರಲಿಲ್ಲ.

ಅಕ್ಕ ಪಂಕ್ಚರ್ ಹಾಕುತ್ತಿದ್ದ ಟ್ಯೂಬನ್ನು ಬದಿಗಿಟ್ಟಳು. ಅದು ಅಮ್ಮನ ಸೈಕಲ್ ರಿಪೇರಿ ಅಂಗಡಿ. ಸ್ಕೂಲಿನಲ್ಲಿ ಎಲ್ಲರೂ ಅಕ್ಕನನ್ನು 'ಸ್ಪ್ಯಾನರ್' ಅಂತಲೇ ಕರೆಯುತ್ತಿದ್ದರು. ತಮ್ಮನಿಗೆ ಇಟ್ಟ ಹೆಸರು 'ಸರ್ಕಸ್'. ಹೆಸರಿನಲ್ಲೂ ಅವನಿಗೇ ಒಳ್ಳೆಯದು ಸಿಕ್ಕಿತ್ತು!

ಆ ಸೈಕಲ್ಲನ್ನು ಮಾವ ತಂದುಕೊಟ್ಟಿದ್ದು ಇಬ್ಬರಿಗೂ. ತಮ್ಮ ವಾರದೊಳಗೆ ಕಲಿತುಬಿಟ್ಟ. ಅವಳು ಇನ್ನೂ ಗೋಡೆ ಹಿಡಿದು ಓಡಿಸುವುದನ್ನು ಬಿಟ್ಟಿರಲಿಲ್ಲ. ನಾಳೆ ಸ್ಕೂಲ್ ಡೇ. ಇಡೀ ಸ್ಕೂಲಿನ ಮುಂದೆ ತಮ್ಮನ ಸವಾರಿ. ಮನೆಗೆ ಬಂದವರೆಲ್ಲ ಅವನ ಬೆನ್ನು ತಟ್ಟುವವರೇ. ಗಾಳಿ ಹಾಕಿದ್ದು ಯಾರು, ಸೀಟಿನ ಎತ್ತರ ಸರಿ ಮಾಡಿದ್ದು ಯಾರು ಅಂತ ಒಬ್ಬರಾದರೂ ಕೇಳಬೇಕಲ್ಲ! ಹೊಟ್ಟೆಕಿಚ್ಚು ನಿಜವಾಗಿಯೂ ಹೊಟ್ಟೆಯಲ್ಲೇ ಉರಿಯುತ್ತದೆ ಅಂತ ಅವಳಿಗೆ ಗೊತ್ತಾಗಿದ್ದೇ ಈಚೆಗೆ.

ಪೆಡಲ್ ಕೂರುವ ಕಬ್ಬಿಣದ ತೋಳು, ಅದೇ ಕ್ರ್ಯಾಂಕ್, ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಪೆಡಲ್ ತಿರುಪಿ ಕೂರಿಸುವ ತೂತಿನೊಳಗಿನ ಥ್ರೆಡ್ ಸವೆದು ನುಣ್ಣಗಾಗಿತ್ತು.

"ಸೀಟು ತಿರುಗಿಸಿ ಓಡಿಸಿದ್ಯಾ?"

"ಹೊಸ ಟ್ರಿಕ್ ಕಣೇ! ಸೀಟು ಹಿಂದುಮುಂದು ಮಾಡ್ಕೊಂಡು ಓಡಿಸೋದು!"

"ಆಗ ಎಡಗಡೆ ಪೆಡಲ್ ಬಲಗಡೆಗೆ ಬರತ್ತೆ. ತುಳೀತಾ ತುಳೀತಾ ತಾನೇ ಬಿಚ್ಕೊಳ್ಳತ್ತೆ. ಎಷ್ಟು ಸಲ ಹೇಳಿದೀನಿ ನಿಂಗೆ, ಕೋತಿ!"

ಗಿರಾಕಿಯೊಬ್ಬರ ಸೈಕಲ್ಲಿಗೆ ಬ್ರೇಕ್ ವೈರ್ ಹಾಕುತ್ತಿದ್ದ ಅಮ್ಮ ತಲೆ ಎತ್ತಿದಳು. "ಬದಲಾಯಿಸೋದಾದ್ರೆ ಜೋಡೀನೇ ಬದಲಾಯಿಸ್ಬೇಕು. ಆ ಡಬ್ಬೀಲಿ ಎರಡು ಜೋಡಿ ಇದೆ. ಯಾವುದು ಸರಿ ಅಂತ ನೀನೇ ನೋಡಿ ಹಾಕು ಮಗಳೇ."

ಡಬ್ಬಿಯಲ್ಲಿ ಒಂದು ಜೋಡಿ ಗಿಡ್ಡ, ಒಂದು ಜೋಡಿ ಉದ್ದ. ಗಿಡ್ಡದ್ದು ಪಳಪಳ ಹೊಳೆಯುತ್ತಿತ್ತು. ಅದನ್ನು ಹಾಕಿದರೆ ಕಾಲು ಚಿಕ್ಕ ಸುತ್ತು ಸುತ್ತಿದರೆ ಸಾಕು, ಚಕ್ರ ಜುಮ್ಮೆಂದು ಓಡುತ್ತದೆ. ಉದ್ದದ್ದು ನಿಧಾನ, ಆದರೆ ಇಳಿಜಾರಿನಲ್ಲಿ ಹಿಡಿತ ಕೊಡುತ್ತದೆ. ಈ ಸೈಕಲ್ಲಿಗೆ ಬೇರೆ ಬ್ರೇಕ್ ಇಲ್ಲ, ಕಾಲೇ ಬ್ರೇಕು. ಸ್ಕೂಲಿನ ಮೈದಾನವೋ ಗೇಟಿನವರೆಗೂ ಇಳಿಜಾರು.

"ನಂಗೆ ಹೊಳೆಯೋದು!" ಅಂದ ತಮ್ಮ.

'ಬೇಡ' ಅನ್ನುವ ಮಾತು ಅವಳ ನಾಲಿಗೆಯ ತುದಿಗೆ ಬಂತು. ಬಂದು ಅಲ್ಲೇ ನಿಂತಿತು. ಕೇಳಿದ್ದು ಅವನೇ ತಾನೇ? ನಾಳೆ ಎಲ್ಲರೆದುರು ಒಂದು ಸಲ ದೊಪ್ಪನೆ ಬೀಳಲಿ. ಆಗ ಗೊತ್ತಾಗುತ್ತದೆ ಸರ್ಕಸ್ಸಿಗೆ!

ಅವಳು ಹಳೆಯ ಕ್ರ್ಯಾಂಕುಗಳನ್ನು ಕಿತ್ತು, ಗಿಡ್ಡದ್ದನ್ನು ಕೂರಿಸಿ, ನಟ್ ಬಿಗಿದಳು. ಕೆಲಸವೇನೋ ಅಚ್ಚುಕಟ್ಟಾಗಿಯೇ ಆಯಿತು. ಆದರೆ ತಮ್ಮನ ಮುಖ ನೋಡಲು ಆಗಲಿಲ್ಲ.

"ಒಂದು ಸಲ ಓಡಿಸಿ ನೋಡಲ್ವೇನೋ?" ಅಮ್ಮ ಕೇಳಿದಳು.

"ಯಾಕೆ ನೋಡ್ಬೇಕು? ಅಕ್ಕ ಹಾಕಿದ್ದಲ್ವಾ" ಅಂದ ತಮ್ಮ, ಮೊಣಕಾಲಿನ ಗಾಯಕ್ಕೆ ಉಫ್ ಉಫ್ ಎಂದು ಊದಿಕೊಳ್ಳುತ್ತಾ.

ಅವಳ ಕಣ್ಣು ಆ ಗಾಯದ ಮೇಲೆ ಬಿತ್ತು. ಇಲ್ಲಿ ಬಿದ್ದಿದ್ದು ಮಣ್ಣಿನ ಮೇಲೆ. ಸ್ಕೂಲ್ ಗೇಟಿನ ಹತ್ತಿರ ಇರುವುದು ಸಿಮೆಂಟು.

"ಕೊಡು ಇಲ್ಲಿ" ಎಂದು ಸೈಕಲ್ ಕಿತ್ತುಕೊಂಡಳು. "ಇದು ಬೇಡ. ಉದ್ದದ್ದು ಹಾಕ್ತೀನಿ."

"ಛೀ, ಅದು ಚೆನ್ನಾಗಿಲ್ಲ! ನಿಂಗೆ ಹೊಟ್ಟೆಕಿಚ್ಚು!"

"ಹೌದು, ಹೊಟ್ಟೆಕಿಚ್ಚೇ" ಅಂದಳು ಅವಳು, ಸ್ಪ್ಯಾನರ್ ತಿರುಗಿಸುತ್ತಾ. "ಆದ್ರೂ ಉದ್ದದ್ದೇ."

ತಮ್ಮ ಮುಖ ಊದಿಸಿಕೊಂಡೇ ಬೀದಿಯಲ್ಲಿ ಸುತ್ತು ಹಾಕಿ ಬಂದ. ಹೊಸ ಕ್ರ್ಯಾಂಕ್ ಸ್ವಲ್ಪ ಓಡಿದ ಮೇಲೆ ಸಡಿಲವಾಗುತ್ತದೆ. ಅವಳು ಇನ್ನೊಮ್ಮೆ ನಟ್ ಬಿಗಿದಳು.

ಮರುದಿನ ಮೈದಾನದ ಮೇಲಿನ ತುದಿಯಿಂದ ತಮ್ಮ ಹೊರಟ. ಅವಳು ಗೇಟಿನ ಪಕ್ಕ ನಿಂತಿದ್ದಳು. ಯೂನಿಫಾರ್ಮಿನ ಜೇಬಿನಲ್ಲಿ ಸ್ಪ್ಯಾನರ್, ಅದರ ಮೇಲೆ ಅವಳ ಕೈ.

ಇಳಿಜಾರು ಬಂತು. ಚಕ್ರ ವೇಗ ಹಿಡಿಯಿತು. ಮುಂದಿನ ಸಾಲಿನ ಮಕ್ಕಳು 'ಅಯ್ಯೋ' ಅಂದರು. ಎಲ್ಲರೂ ತಮ್ಮನ ಮುಖ ನೋಡುತ್ತಿದ್ದರು, ಅವಳೊಬ್ಬಳು ಕ್ರ್ಯಾಂಕ್ ನೋಡುತ್ತಿದ್ದಳು. ಅದು ಚೂರೂ ಅಲುಗಲಿಲ್ಲ. ತಮ್ಮ ಕಾಲು ಒತ್ತಿ ಹಿಡಿದ. ಚಕ್ರ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಗೇಟಿನ ಮುಂದೆ ಮೆಲ್ಲಗೆ ತಿರುಗಿ ಬಂದ ದಾರಿ ಹಿಡಿಯಿತು.

"ಸರ್ಕಸ್! ಸರ್ಕಸ್!" ಇಡೀ ಸ್ಕೂಲು ಕೂಗಿತು.

ಅವಳ ಹೊಟ್ಟೆ ಇನ್ನೂ ಚೂರು ಉರಿಯುತ್ತಲೇ ಇತ್ತು. ಆದರೆ ಅವನು ಜೋರಾಗಿ ಬಂದಿದ್ದನ್ನು ಎಲ್ಲರೂ ನೋಡಿದ್ದರು. ಗೇಟಿನ ಮುಂದಿನ ಆ ನಿಧಾನ ಮಾತ್ರ ತಾನು ಹಾಕಿದ ಉದ್ದ ಕ್ರ್ಯಾಂಕಿನದು, ತನ್ನದು ಅಂತ ಅವಳಿಗೆ ಗೊತ್ತಿತ್ತು.

ಜೇಬಿನಲ್ಲಿ ಸ್ಪ್ಯಾನರ್ ಬಿಟ್ಟು, ಕೈ ಹೊರಗೆ ತೆಗೆದು, ಅವಳೂ ಚಪ್ಪಾಳೆ ಹೊಡೆದಳು.